ಶಿಶುವಿಹಾರದ ಕೆಂಪು ನೆಲ

ಕಾರ್ಖಾನೆ ಕಾಲೋನಿ,
ಜೂನ್ ಹನ್ನೊಂದು, ಬೆಳಿಗ್ಗೆ

ಗುಬ್ಬಿಯ ಅಪ್ಪನಿಗೆ,

ಹೇಗಿದ್ದೀರಿ? ಕೆಮ್ಮು ಇಳಿಯಿತೇ? ಹೋಟೆಲಿನ ಎ.ಸಿ. ಕೆಳಗೆ ಮಲಗಬೇಡಿ, ನಿಮ್ಮ ಎದೆಗೆ ಅದು ಆಗಿಬರುವುದಿಲ್ಲ. ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ನಿಮ್ಮ ಇಟ್ಟಿಗೆಗೆ ಬಂದ ಪ್ರಶಸ್ತಿಯ ಸಮಾರಂಭಕ್ಕೆ ನಿಮ್ಮ ಮ್ಯಾನೇಜರನ್ನು ಕರೆತರುತ್ತಿರುವ ಡ್ರೈವರ್ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ. ಗುಬ್ಬಿಯ ಅಂಗೈ, ಮಂಡಿ ಎಲ್ಲ ಸುಲಿದು ಹೋಗಿವೆ. ಗಾಬರಿಯಾಗಬೇಡಿ, ಡಾಕ್ಟರು ತೊಳೆದು ಮುಲಾಮು ಹಚ್ಚಿದ್ದಾರೆ. ಅಂಬೆಗಾಲಿಡಲು ಹೋಗಿ ನೋವಾದಾಗ ಕೈ ಎತ್ತಿಕೊಂಡು ನನ್ನ ಮುಖ ನೋಡುತ್ತಾಳೆ, ನಾನೇ ಏನೋ ಮಾಡಿದೆ ಎನ್ನುವ ಹಾಗೆ.

ಅದಿರಿನಿಂದ ಅಲ್ಯೂಮಿನಾ ತೆಗೆದ ಮೇಲೆ ಉಳಿಯುವ ಆ ಕೆಂಪು ಕೆಸರಿನಿಂದ ಇಟ್ಟಿಗೆ ಮಾಡುತ್ತೇನೆಂದು ನೀವು ಹೊರಟಾಗ ಎಲ್ಲರೂ ನಕ್ಕರು, ನಾನೊಬ್ಬಳು ನಗಲಿಲ್ಲ. ಕೆಸರಿನ ನೀರು ಹಿಂಡಿ, ಬಾಯ್ಲರಿನ ಹೊಗೆ ಹಾಯಿಸಿ, ಅದರೊಳಗಿನ ಚರ್ಮ ಸುಡುವ ಕಾಸ್ಟಿಕ್ ಸೋಡಾದ ಉರಿ ತೆಗೆದು, ಆಮೇಲೆ ಬೂದಿ ಬೆರೆಸಿ ನೀವು ಮಾಡಿದ ಇಟ್ಟಿಗೆಯನ್ನು ಬಂದವರಿಗೆಲ್ಲ ತೋರಿಸಿದವಳು ನಾನು. ನನ್ನ ಶಿಶುವಿಹಾರದ ನೆಲಕ್ಕೂ ಅದನ್ನೇ ಹಾಸುತ್ತೇವೆಂದಾಗ ಖುಷಿಯಿಂದ ಕುಣಿದಾಡಿದೆ. ಮಳೆ ಹಿಡಿದು ನೆಲ ತೇವ ಕುಡಿದದ್ದೇ ತಡ, ಇಟ್ಟಿಗೆಯ ಮೈಮೇಲೆಲ್ಲ ಬಿಳಿ ಬೂಸಲಿನಂಥದ್ದು ಎದ್ದಿತು. ಒರೆಸಿದರೆ ಸೋಪು ನೀರಿನ ಹಾಗೆ ಲೊಳಲೊಳ, ಒಣಗಿದರೆ ಮತ್ತೆ ಬಿಳಿ. ಆಯಾ ತನ್ನ ಬೆರಳು ಮೂಸಿ, "ಥೂ, ಇದೇನಕ್ಕಾ, ಕೈಯೆಲ್ಲ ಉರೀತಿದೆ!" ಎಂದು ಒರೆಸುವ ಬಟ್ಟೆ ಎಸೆದಳು. ಅಷ್ಟರಲ್ಲಿ ಮಕ್ಕಳು ಒಂದರ ಹಿಂದೆ ಒಂದು ಕಿರುಚಲು ಶುರು ಮಾಡಿದ್ದವು.

ನೀವು ಬೆನ್ನ ಹಿಂದೆ ಹಲ್ಲುಗಿಂಜ ಎನ್ನುತ್ತೀರಲ್ಲ, ಆ ಮ್ಯಾನೇಜರ್ ಬಂದ. ಬಾಗಿಲಲ್ಲೇ ಬೂಟಿನ ತುದಿಯಿಂದ ನೆಲ ಕೆರೆದು, "ಬೆವರುಸಾಲೆ ಕಣಮ್ಮಾ, ಪೌಡರ್ ಹಾಕಿ, ಸರಿಹೋಗುತ್ತೆ" ಎಂದ. ಹೇಳಿದವನು ಒಳಗೆ ಮಾತ್ರ ಕಾಲಿಡಲಿಲ್ಲ. ಹೊರಗೆ ಹೋಗಿ ಬೂಟನ್ನು ಹುಲ್ಲಿಗೆ ಉಜ್ಜಿ ಉಜ್ಜಿ ಒರೆಸಿಕೊಂಡ. ನೇರವಾಗಿ ಇಟ್ಟಿಗೆ ಅಚ್ಚಿನ ಶೆಡ್ಡಿಗೆ ಹೋದೆ. ಮಿಕ್ಸರ್ ಆಪರೇಟರ್ ಮುಖ ತಿರುಗಿಸಿಕೊಂಡೇ ಹೇಳಿದ: "ಹೊಗೆ ಹಾಯಿಸೋ ತೊಟ್ಟಿ ಕೆಟ್ಟು ಕೂತಿದೆ ಅಮ್ಮಾ. ಪ್ರಶಸ್ತಿಯವರು ನೋಡೋಕೆ ಬರ್ತಾರೆ, ಹಸಿ ಕೆಸರನ್ನೇ ಅಚ್ಚಿಗೆ ಹಾಕಿ ಅಂದ್ರು. ಹಾಕಿದ್ವಿ."

ವಾಪಸ್ ಬಂದು ತಾಯಂದಿರನ್ನೆಲ್ಲ ಕೂಗಿದೆ. ಗ್ಲೌಸ್ ಹಾಕಿಕೊಂಡು, ಹಾರೆ ಹಿಡಿದು ನೆಲವನ್ನು ಕಿತ್ತೆವು. ಇಟ್ಟಿಗೆಯ ಕೆಳಗೆ ರಕ್ತದ ಬಣ್ಣದ ರಾಡಿ, ಮೂಗಿಗೆ ಅಡರುವ ವಾಸನೆ. ಎರಡು ಸಲ ಸೋಪು ಹಾಕಿ ಸ್ನಾನ ಮಾಡಿದರೂ ನನ್ನ ಮೈಯಿಂದ ಅದು ಹೋಗಿಲ್ಲ. ಮಕ್ಕಳೀಗ ಕ್ಲಬ್ಬಿನ ಹಾಲ್‌ನಲ್ಲಿ ಇದ್ದಾರೆ. ಬಿಲಿಯರ್ಡ್ಸ್ ಮೇಜಿನ ಕೆಳಗೆ ಮಲಗುತ್ತಾರೆ, ಅಧಿಕಾರಿಗಳಿಗೆ ಆಟ ತಪ್ಪಿತೆಂದು ಸಿಟ್ಟು. ಇರಲಿ, ಒಂದಿಷ್ಟು ದಿನ ಸಿಟ್ಟಾಗಲಿ.

ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಮಾತ್ರೆ ಮರೆಯಬೇಡಿ.

ಇಂತಿ,
ಗುಬ್ಬಿಯ ಅಮ್ಮ

ಮರೆತೆ, ಅಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯವಾಗಿರಲಿಲ್ಲ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ನೆಲ ಕೀಳುವಾಗ ಹಲ್ಲುಗಿಂಜ ಓಡಿ ಬಂದ. "ನನ್ನ ಗಂಡ ಇಲ್ಲಿದ್ದಿದ್ದರೆ ಇದಕ್ಕೆ ಬಿಡ್ತಿರಲಿಲ್ಲ" ಎಂದು ಎಲ್ಲರೆದುರು ಕೂಗಿದೆ. ಅವನು ತನ್ನ ಫೋನ್ ತೆಗೆದು ನೀವು ಕಳಿಸಿದ್ದ ವಾಯ್ಸ್ ಮೆಸೇಜು ಕೇಳಿಸಿದ. "ಈ ಸಲ ಹಸಿಯಾಗೇ ಹಾಕಿಬಿಡಿ ಸಾರ್, ಯಾರಿಗೆ ಗೊತ್ತಾಗುತ್ತೆ." ನಡುವೆ ನಿಮ್ಮ ಕೆಮ್ಮು. ತಾಯಂದಿರೆಲ್ಲ ಕೇಳಿದರು. ಅವನ ಮೇಲೆ ಇದ್ದ ಹೇಸಿಗೆ ಈಗ ಎಲ್ಲಿಗೆ ತಿರುಗಿದೆಯೆಂದು ಬಿಡಿಸಿ ಹೇಳಬೇಕೇ? ಅದೇ ಇಟ್ಟಿಗೆ ಆಸ್ಪತ್ರೆಯ ವರಾಂಡಕ್ಕೂ ಹೋಗಿದೆಯಂತೆ. ನಾಳೆ ವೇದಿಕೆಯ ಮೇಲೆ ಮೈಕು ಕೊಟ್ಟ ಕೂಡಲೇ ಅದನ್ನು ಕೀಳಲು ಹೇಳಿ. ಹೇಳಿದರೆ ಮನೆಗೆ ಬನ್ನಿ. ಹಾರ ಹಾಕಿಸಿಕೊಂಡು ಸುಮ್ಮನೆ ಇಳಿದರೆ, ಆ ಕೈಯಲ್ಲಿ ಗುಬ್ಬಿಯನ್ನು ಎತ್ತಿಕೊಳ್ಳಲು ನಾನು ಬಿಡುವುದಿಲ್ಲ.