ಕಂಡಷ್ಟು ಸರಿ

ಮಾರ್ಚ್ ೧೧, ಮಂಗಳವಾರ

ಡಾಕ್ಟರ್ ಮಹಾಶಯರಿಗೆ,

ನಾನು ಚೆನ್ನಾಗಿದ್ದೇನೆ. ನಿಮ್ಮ ಕ್ಷೇಮ ವಿಚಾರಿಸಬೇಕಾಗಿಲ್ಲ. ಆಸ್ಪತ್ರೆಯ ಗೋಡೆಯ ಮೇಲಿನ ಹೊಸ ಫೋಟೋದಲ್ಲಿ ಕೆನ್ನೆ ತುಂಬ ನಗುತ್ತಿದ್ದೀರಿ. ಬೇರೆಯಾಗಿ ಆರು ವರ್ಷವಾದ ಮೇಲೆ ಹೆಂಡತಿಯ ಪತ್ರ ಬಂದರೆ ವಕೀಲರ ವಿಷಯವಿರಬೇಕು ಎಂದುಕೊಳ್ಳುತ್ತೀರಿ. ಅಲ್ಲ. ಇದು ಒಂದೇ ಒಂದು ಪದದ ವಿಷಯ. ಮುದ್ರಣಾಲಯದಲ್ಲಿ ಕರಡು ತಿದ್ದುವವಳು ನಾನು. ಬಿಟ್ಟುಹೋದ ಪದವನ್ನು ಹುಡುಕುವುದೇ ನನ್ನ ಕಸುಬು ಎಂಬುದನ್ನು ನೀವು ಮರೆತಿರಬಹುದು. ನೀವು ಏನನ್ನು ನೆನಪಿಟ್ಟಿದ್ದೀರಿ!

ಕಳೆದ ತಿಂಗಳು ಅಪ್ಪನಿಗೆ ಆಂಜಿಯೋಗ್ರಾಂ ಮಾಡಿದಿರಿ. ನನಗೆ ಸುತರಾಂ ಇಷ್ಟವಿರಲಿಲ್ಲ. "ಅಳಿಯಂದಿರೇ ಇರೋವಾಗ ಕಂಡೋರ ಕೈಗೆ ಯಾಕಮ್ಮ ಎದೆ ಕೊಡೋದು?" ಎಂದು ಹಟ ಹಿಡಿದವರು ಅವರೇ. ಮಗಳು ಬಿಟ್ಟರೂ ಮಾವ ಬಿಟ್ಟಿಲ್ಲ.

ಎರಡು ವರ್ಷದ ಹಿಂದೆ ಬೇರೆ ಊರಿನ ಆಸ್ಪತ್ರೆಯಲ್ಲಿ ಅವರ ಮಹಾಧಮನಿಯ ಬುಡದ ಸವೆದ ಕವಾಟದೊಳಗೆ ಹೊಸದನ್ನು ಕೂರಿಸಿದ್ದರು. ಎದೆ ಸೀಳದೆ, ತೊಡೆಯ ರಕ್ತನಾಳದಿಂದ ಹಾಯಿಸಿ. ಅದು ಲೋಹದ ಜಾಲರಿಯಲ್ಲಿ ಹೊಲಿದ ಕವಾಟ. ಹೃದಯಕ್ಕೇ ರಕ್ತ ಕೊಡುವ ಎರಡು ನಾಳಗಳ ಬಾಯಿಗೆ ಆ ಜಾಲರಿ ಅಡ್ಡ ನಿಲ್ಲಬಹುದು, ಆಮೇಲೆ ಆಂಜಿಯೋಗ್ರಾಂ ಮಾಡುವವರು ಸಪೂರ ನಳಿಕೆಯನ್ನು ಜಾಲರಿಯ ಕಣ್ಣಲ್ಲಿ ತೂರಿಸಿ ನಾಳದ ಬಾಯಿ ಹಿಡಿದು, ಚಿತ್ರದಲ್ಲಿ ನಾಳ ಕಾಣಿಸುವ ಡೈ ಬಿಡಬೇಕಾಗುತ್ತದೆ. ಇಷ್ಟು ನನ್ನಂಥವಳಿಗೂ ಓದಿ ಗೊತ್ತು. ಯಾವ ಕವಾಟ, ಎಷ್ಟು ಎತ್ತರ, ಹೇಗೆ ಕೂತಿದೆ ಎಂದು ಮೊದಲೇ ತಿಳಿದುಕೊಳ್ಳಬೇಕು. ನೀವು ಒಂದು ಸಿ.ಟಿ. ಸ್ಕ್ಯಾನ್ ಕೂಡ ಮಾಡಿಸಲಿಲ್ಲ. ಕವಾಟದ ಹೆಸರು, ಅಳತೆ ಬರೆದ ಕಾರ್ಡು ಮನೆಯವರು ತಂದಿರಲಿಲ್ಲ ಎಂಬ ನೆಪ ಬೇರೆ. ಅಂಗೈ ಅಗಲದ ಒಂದು ರಟ್ಟು! ಅದಿಲ್ಲದಿದ್ದರೆ ಆ ಆಸ್ಪತ್ರೆಗೆ ಫೋನ್ ಮಾಡಿ ಕೇಳಲು ನಿಮಗೆ ನಾಲಗೆ ಇರಲಿಲ್ಲವೇ?

ಮೂವತ್ತನಾಲ್ಕು ವರ್ಷ ನೀರು ಸರಬರಾಜಿನಲ್ಲಿ ಫಿಟ್ಟರ್ ಆಗಿದ್ದವರು ಅಪ್ಪ. "ಯಾವ ವಾಲ್ವ್ ಅಂತ ನೋಡ್ದೆ ಪಾನಾ ಎತ್ತೋನು ಫಿಟ್ಟರೇ ಅಲ್ಲ" ಎಂದು ಜೊತೆಯವರನ್ನು ಬೈದದ್ದನ್ನು ನಾನೇ ಕೇಳಿದ್ದೇನೆ. ಆ ಮಾತು ಅಳಿಯನಿಗೆ ಅನ್ವಯವಾಗುವುದಿಲ್ಲ, ನೋಡಿ.

ಮೇಜಿನ ಮೇಲೆ ಎಚ್ಚರವಾಗಿಯೇ ಮಲಗಿದ್ದ ಅವರು ನಿಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದಾರೆ. ಎಡನಾಳ ಹೇಗೋ ಸಿಕ್ಕಿತಂತೆ. ಬಲನಾಳಕ್ಕಾಗಿ ಮುಕ್ಕಾಲು ಗಂಟೆ ತಡಕಾಡಿದಿರಂತೆ. "ಜಾಲರಿ ದಾಟ್ತಾ ಇಲ್ಲ ಸಾರ್" ಎಂದರಂತೆ ಪಕ್ಕದ ಟೆಕ್ನಿಷಿಯನ್. "ಸಾಕು ಬಿಡಪ್ಪ, ಡೈ ಇಲ್ಲೇ ಹತ್ತಿರ ಬಿಡೋಣ, ಕಂಡಷ್ಟು ಕಾಣ್ಲಿ" ಎಂದಿರಂತೆ ನೀವು. ಅಪ್ಪ ಇದನ್ನು ದೂರಾಗಿ ಹೇಳಲಿಲ್ಲ. "ಪಾಪ, ಎಷ್ಟು ಬೆವರ್ತಿದ್ರು ಕಣಮ್ಮ" ಎಂದು ಮರುಗಿದರು.

ಮನೆಗೆ ಕೊಟ್ಟ ಕಡತದಲ್ಲಿ ನಿಮ್ಮ ಕೈಬರಹದ ಹಾಳೆಯೂ ಸೇರಿಕೊಂಡಿತ್ತು. ಅದರಲ್ಲಿ "ಬಲನಾಳ: ಕಂಡಷ್ಟು ಸರಿ" ಎಂದಿದೆ. ಟೈಪಾದ ವರದಿಯಲ್ಲಿ "ಬಲನಾಳ: ಸರಿ" ಎಂದಿದೆ. ಟೈಪಿಸ್ಟನನ್ನು ನಾನು ದೂರುವುದಿಲ್ಲ. ಕೆಳಗೆ ಸಹಿ ಯಾರದು?

ಆ ಪದ ನನಗೆ ಹೊಸದಲ್ಲ. ಮೊದಲ ಬಾಡಿಗೆ ಮನೆ ನೋಡಿ ಬಂದು "ನನಗೆ ಕಂಡಷ್ಟು ಗೋಡೆ ಒಣಗಿದೆ" ಎಂದಿರಿ; ಎರಡೇ ತಿಂಗಳಲ್ಲಿ ನನ್ನ ಪುಸ್ತಕದ ಕಪಾಟಿನ ಬೆನ್ನಿಗೆ ಅಣಬೆ ಎದ್ದಿತು. ನಾನು ಹೊಟ್ಟೆ ಹಿಡಿದು ನೆಲದ ಮೇಲೆ ಮುದುರಿಕೊಂಡಿದ್ದಾಗ ಬಾಗಿಲಲ್ಲೇ ನಿಂತು "ನನಗೆ ಕಂಡಷ್ಟು ಗ್ಯಾಸ್" ಎಂದಿರಿ. ಮರುದಿನ ಅಪೆಂಡಿಕ್ಸ್ ಒಡೆದಿತ್ತು. ನೀವು ಸುಳ್ಳು ಹೇಳುವವರಲ್ಲ. ಅದಕ್ಕೂ ಒಂದಿಷ್ಟು ಶ್ರಮ ಬೇಕು. ನೋಡದೆ ಬಿಟ್ಟದ್ದೆಲ್ಲ ಸರಿಯಾಗಿಯೇ ಇರುತ್ತದೆ ಎಂದು ಕೈ ತೊಳೆದುಕೊಳ್ಳುವವರು ನೀವು.

ಈಗ ಅಪ್ಪನಿಗೆ ನಮ್ಮ ಎರಡನೇ ಮಹಡಿ ಹತ್ತಲಾಗುತ್ತಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಎದೆಗೆ ಕೈ ಹೋಗುತ್ತದೆ. ನಾನು ನೋಡಿದರೆ ಕೈಯನ್ನು ಗೋಡೆಯ ಪೈಪಿನ ಮೇಲಿಟ್ಟು, "ಈ ಜಾಯಿಂಟ್ ಸೋರ್ತಿದೆ ಕಣಮ್ಮ" ಎನ್ನುತ್ತಾರೆ. ಆ ಪೈಪಿನಲ್ಲಿ ನೀರು ಹರಿದು ನಾಲ್ಕು ವರ್ಷವಾಯಿತು. ನಡೆಯಿರಿ ಡಾಕ್ಟರ ಹತ್ತಿರ ಎಂದರೆ, "ಅಳಿಯಂದಿರು ಸರಿ ಅಂತ ಬರ್ದಿದ್ದಾರಲ್ಲ, ಇದು ಬರೀ ವಯಸ್ಸು" ಎನ್ನುತ್ತಾರೆ.

ಹೋದ ವಾರ ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಇನ್ನೊಂದು ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರಮ್ಮ ನಿಮ್ಮ ಕೈಕೆಳಗೇ ಕಲಿತವರಂತೆ, ಆದರೂ ಒಳ್ಳೆಯವರು. ನಿಮ್ಮ ಚಿತ್ರಗಳನ್ನು ಮೂರು ಸಲ ಓಡಿಸಿ ನೋಡಿ, "ಬಲನಾಳ ಇದರಲ್ಲಿ ಕಾಣ್ತಾನೇ ಇಲ್ವಲ್ಲ" ಎಂದರು. ಸ್ಕ್ಯಾನ್ ಮಾಡಿಸಿ, ಜಾಲರಿಯ ಯಾವ ಕಣ್ಣಿನಿಂದ ಹೋಗಬಹುದು ಎಂದು ಲೆಕ್ಕ ಹಾಕಿಯೇ ಒಳಗೆ ಹೋಗುತ್ತಾರಂತೆ. ಆದರೆ ಸರಿಯಿದೆ ಎಂಬ ವರದಿ ಇರುವಾಗ ಮತ್ತೆ ಆಂಜಿಯೋಗ್ರಾಂ ಮಾಡಲು ಅವರ ಮೇಲಿನವರು ಒಪ್ಪುತ್ತಿಲ್ಲ. "ಸಾರ್ ಒಂದು ಸಾಲು ತಿದ್ದಿ ಕೊಟ್ರೆ ಸೋಮವಾರವೇ ಮಾಡ್ತೀನಿ. ತುಂಬ ದಿನ ಬಿಡೋ ಹಾಗಿಲ್ಲ" ಎಂದರು.

ಆ ಸಾಲನ್ನು ನಾನೇ ಬರೆದು ಇದರೊಂದಿಗೆ ಇಟ್ಟಿದ್ದೇನೆ: "ಬಲನಾಳದ ಬಾಯಿಗೆ ನಳಿಕೆ ಸೇರಲಿಲ್ಲ, ನಾಳ ಸ್ಪಷ್ಟವಾಗಿ ಕಾಣಲಿಲ್ಲ." ಕ್ಷಮೆ ಕೇಳಿಲ್ಲ, ನಿಮ್ಮ ಪ್ರತಿಷ್ಠೆಗೆ ಗೀರೂ ಬೀಳುವುದಿಲ್ಲ. ಸಹಿ ಹಾಕಿ ಗುರುವಾರದೊಳಗೆ ಕಳಿಸಿ. ಹಾಕದಿದ್ದರೆ ನಿಮ್ಮ ಕೈಬರಹದ ಹಾಳೆಯನ್ನು ಆ ನಗುವ ಫೋಟೋದ ಪಕ್ಕದಲ್ಲೇ ಅಂಟಿಸಿ ಬರುತ್ತೇನೆ. ನಾನು ಹೇಳಿದ್ದನ್ನು ಮಾಡುವವಳು ಎಂಬುದಾದರೂ ನೆನಪಿರಬೇಕು.

ಇಂತಿ,
ನಿಮ್ಮವಳಾಗಿ ಉಳಿಯದ,
ಅವರ ಮಗಳು

ತಾ.ಕ.: ಸಹಿಯ ಕಾಗದ ಸುಕ್ಕಾಗದಿರಲೆಂದು ಅದರ ಮೇಲೆ ಹೇರಲು ಕಪಾಟಿನಿಂದ ಒಂದು ದಪ್ಪ ಪುಸ್ತಕ ಎಳೆದೆ. ಅಪ್ಪನಿಗೆ ಕವಾಟ ಕೂರಿಸಿದ ದಿನ ಆಪರೇಷನ್ ಕೋಣೆಯ ಹೊರಗೆ ಓದುತ್ತ ಕೂತಿದ್ದ ಪುಸ್ತಕ. ಆಮೇಲೆ ಮುಗಿಸಲೇ ಇಲ್ಲ. ಇನ್ನೂರ ಹನ್ನೆರಡನೇ ಪುಟದಿಂದ ಕಾರ್ಡು ಜಾರಿ ಬಿತ್ತು. ನರ್ಸ್ ಕೈಗೆ ಕೊಟ್ಟದ್ದನ್ನು ಪುಟದ ಗುರುತಿಗೆ ಇಟ್ಟಿದ್ದೆ. ಇವತ್ತೇ ಡಾಕ್ಟರಮ್ಮನಿಗೆ ತಲುಪಿಸುತ್ತೇನೆ, ಎಲ್ಲಿತ್ತು ಎಂಬುದನ್ನೂ ಹೇಳುತ್ತೇನೆ. ಮೇಲೆ 'ನೆಪ' ಎಂದು ಬರೆದದ್ದನ್ನು ಹೊಡೆದುಹಾಕಿ ಓದಿಕೊಳ್ಳಿ. ಉಳಿದದ್ದು ಹಾಗೇ ಇರಲಿ. ನೀವು ಎರಡು ಸಲ ಫೋನ್ ಮಾಡಿ ಕಾರ್ಡು ಕೇಳಿದಾಗ ಮನೆಯೆಲ್ಲ ಜಾಲಾಡಿದೆ, ಇಲ್ಲ ಎಂದಿದ್ದೆ. ಅದು ಸುಳ್ಳಲ್ಲ. ಬೀರು, ಟ್ರಂಕು, ಅಪ್ಪನ ಹಾಸಿಗೆಯ ಕೆಳಗೆ, ಎಲ್ಲ ಹುಡುಕಿದ್ದೆ. ಕಂಡಷ್ಟು.