ಮೂರನೆಯ ರಂಧ್ರ

ನನ್ನ ವಾರಿಜಕ್ಕಾ,

ಕ್ಲಾಸಿನಲ್ಲಿ ಮೇಡಂ, ಊಟದ ಹೊತ್ತಿಗೆ ಅಕ್ಕ. ನೀವೇ ಮಾಡಿದ ನಿಯಮ. ಈಗ ಊಟದ ಹೊತ್ತು. ನಿವೃತ್ತರಾದ ಮೇಲೂ ನೀವು ಬುತ್ತಿ ಹಿಡಿದುಕೊಂಡು ಬರುತ್ತಿದ್ದ ಅನಾಟಮಿ ವಿಭಾಗದ ಆ ಮೇಜಿನಲ್ಲಿ ಈಗ ನಾನೊಬ್ಬಳೇ. ಬೂತಾಯಿ ಮೀನಿನ ಪುಳಿಮುಂಚಿ ತಂದರೂ ಅರ್ಧ ವಾಪಸು ಮನೆಗೆ ಹೋಗುತ್ತದೆ. ಯಾರ ಹತ್ತಿರ ಜಗಳ ಮಾಡಿಕೊಂಡು ತಿನ್ನಲಿ, ಹೇಳಿ?

ನಾನು ಕೆಲಸಕ್ಕೆ ಸೇರಿದ ದಿನ ನೆನಪುಂಟಾ? ಒಂದು ತಲೆಬುರುಡೆ, ಗುಡಿಸುವ ಹಿಡಿಸೂಡಿಯಿಂದ ಕಿತ್ತ ಒಂದು ಕಡ್ಡಿ ಕೈಗೆ ಕೊಟ್ಟಿರಿ. "ಕಣ್ಣಿನ ಗುಳಿಯ ಕೆಳಗೆ ಸಣ್ಣ ಒಟ್ಟೆ, ರಂಧ್ರ ಉಂಟು ನೋಡು. ಕೆನ್ನೆಯ ನರ ಹೊರಗೆ ಬರುವ ಬಾಗಿಲು ಅದು. ಕಡ್ಡಿ ಹಾಕು, ಒತ್ತಬೇಡ." ಇಷ್ಟು ಓದಿ ಬಂದದ್ದು ಹಿಡಿಸೂಡಿ ಕಡ್ಡಿ ಆಡಿಸುವುದಕ್ಕಾ ಎಂದು ನನಗೆ ಸಿಟ್ಟು. ನೀವು ನಕ್ಕಿರಿ. "ಪುಸ್ತಕದಲ್ಲಿ ಒಂದೇ ಮಾರಾಯ್ತಿ. ಕೆಲವರಿಗೆ ಎರಡು ಇರ್ತದೆ. ಮೂರು ಇರುವವರೂ ಉಂಟು. ನನಗೆ ಮಾತ್ರ ಇನ್ನೂ ಸಿಕ್ಕಲಿಲ್ಲ."

ಎರಡು ಸಿಕ್ಕಿದ ದಿನ ವಿಭಾಗಕ್ಕೆಲ್ಲ ಗೋಳಿಬಜೆ ತರಿಸಿದ್ದಿರಿ. ಮೂರು ಸಿಕ್ಕಿದರೆ ಎಂತ ಎಂದು ಕೇಳಿದೆ. "ಗಡ್‌ಬಡ್ ಐಸ್‌ಕ್ರೀಮ್!" ಆಮೇಲೆ ಹೊಸ ಬುರುಡೆ ಬಂದಾಗಲೆಲ್ಲ ನಿಮ್ಮ ಕಡ್ಡಿ, ನನ್ನ ಆಸೆ. ಐಸ್‌ಕ್ರೀಮ್ ಮಾತ್ರ...

ನೀವು ತೀರಿಕೊಂಡ ದಿನ ಕುಲಶೇಖರದ ನಿಮ್ಮ ಮನೆಯಿಂದ ನಿಮ್ಮನ್ನು ಕಾಲೇಜಿಗೇ ತಂದರು. ನೀವು ಬರೆದುಕೊಟ್ಟಂತೆ ದೇಹದಾನ. ದಾನಿಯ ಹೆಸರು ಕ್ಲಾಸಿನ ಮಕ್ಕಳಿಗೆ ಹೇಳಬಾರದು ಎಂಬುದೂ ನಿಮ್ಮದೇ ಕಟ್ಟಪ್ಪಣೆ. "ಹೆಸರು ಗೊತ್ತಾದ್ರೆ ಮಕ್ಕಳ ಕೈ ನಡುಗ್ತದೆ" ಎನ್ನುತ್ತಿದ್ದಿರಿ. ನನ್ನ ಕೈಯ ಬಗ್ಗೆ ಯೋಚನೆ ಮಾಡಿದಿರಾ ಅಕ್ಕ? ಮುಖದ ಡಿಸೆಕ್ಷನ್ ಶುರುವಾದಾಗ ನಾನು ರಜೆ ಹಾಕಿ ಮನೆಯಲ್ಲಿ ಕುಳಿತೆ.

ಅದೆಲ್ಲ ಮುಗಿದು ಮೊನ್ನೆ ನೀವು ಬೆಳ್ಳಗಿನ ಬುರುಡೆಯಾಗಿ ನನ್ನ ಮೇಜಿಗೆ ಬಂದಿರಿ. ಹೆಸರಿಲ್ಲ, ದೇಹ ಬಂದ ದಿನ ಕೊಟ್ಟ ನಂಬರ್ ಮಾತ್ರ. ಅದು ಅಳಿಸಿಹೋದರೆ? ಕಪಾಟಿನಲ್ಲಿ ಅಷ್ಟೂ ಬುರುಡೆಗಳ ನಡುವೆ ನಿಮ್ಮನ್ನು ಗುರುತು ಹಿಡಿಯುವುದು ಹೇಗೆ? ನನಗೆ ಅದೊಂದೇ ಹೆದರಿಕೆ. ಕಡ್ಡಿ ಮುಟ್ಟುವ ಧೈರ್ಯವಾಗದೆ ನಿಮ್ಮನ್ನು ಹಾಗೆಯೇ ಕ್ಲಾಸಿಗೆ ಕೊಂಡುಹೋದೆ.

ಮೊದಲ ಬೆಂಚಿನ ಹುಡುಗಿ ಎಡಗಣ್ಣಿನ ಕೆಳಗೆ ಕಡ್ಡಿ ಹಾಕಿದಳು. ಇನ್ನೊಂದು ಹಾಕಿದಳು. ಮತ್ತೂ ಒಂದು ಬೇಕೆಂದು ಕೈ ಚಾಚಿದಳು. "ಮೇಡಂ, ಇದರಲ್ಲಿ ಮೂರುಂಟು!"

ಹೋ ಅಕ್ಕಾ! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಆ ಮುಖವನ್ನು ದಿನಾ ಕನ್ನಡಿಯಲ್ಲಿ ನೋಡಿದಿರಿ, ಎದುರು ಕುಳಿತು ನಾನೂ ನೋಡಿದೆ. ಒಬ್ಬರಿಗಾದರೂ ಗೊತ್ತಾಯಿತಾ?

"ಯಾರದ್ದು ಮೇಡಂ ಇದು?" ಎಂದಳು. ಹೆಸರು ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ. "ಒತ್ತಬೇಡ ಮಾರಾಯ್ತಿ, ನೋಯ್ತದೆ" ಎಂದುಬಿಟ್ಟೆ. ಬುರುಡೆಗೆ ನೋಯುವುದುಂಟಾ ಎಂದು ಮಕ್ಕಳೆಲ್ಲ ನಕ್ಕರು. ನಾನೂ ನಗಲು ನೋಡಿದೆ, ಆಗಲಿಲ್ಲ.

ಸಂಜೆ ಅಷ್ಟೂ ಮಕ್ಕಳಿಗೆ ಗಡ್‌ಬಡ್ ಕೊಡಿಸಿದೆ. ನಿಮ್ಮ ಹೆಸರು ಇನ್ನು ಮುಂದೆಯೂ ಹೇಳುವುದಿಲ್ಲ. ಆದರೆ ಆ ಕಪಾಟಿನಲ್ಲಿ ನಿಮ್ಮನ್ನು ಎಲ್ಲಿಟ್ಟರೂ ಅಡ್ಡಿಯಿಲ್ಲ, ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಹುಡುಕಿ ತೆಗೆಯುತ್ತೇನೆ.

ನಿಮ್ಮ
ಗುಲಾಬಿ