ಯಂತ್ರ ಒಪ್ಪಿದ ಪಿಯಾನೊ

ಅಂಗಡಿಯ ಹಿಂದಿನ ಕೋಣೆ
ಗುರುವಾರ, ಮಾರ್ಚ್ ೧೪

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ತಲೆಸುತ್ತು ಕಡಿಮೆಯಾಯಿತೇ? ಕಿವಿಗೆ ಹಾಕಿಕೊಳ್ಳುವ ಮಿಷನ್ನನ್ನು ನೀವು ದಿಂಬಿನ ಕೆಳಗೇ ಇಡುತ್ತೀರೆಂದು ಅಕ್ಕ ದೂರಿದ್ದಾಳೆ. ಫೋನಿನಲ್ಲಿ ಅರಚುವುದಕ್ಕಿಂತ ನಿಮಗೆ ಬರೆಯುವುದೇ ವಾಸಿ. ನೀವು ನಡುವೆ ಬಾಯಿ ಹಾಕುವಂತೆಯೂ ಇಲ್ಲ.

ಈ ವಾರ ಸಂಗೀತ ಶಾಲೆಯ ಹಳೆಯ ಪಿಯಾನೊವನ್ನು ಶ್ರುತಿ ಮಾಡಿದೆ. ನೀವು ‘ಮುದುಕಿ’ ಎಂದು ಕರೆಯುತ್ತಿದ್ದಿರಲ್ಲ, ಅದೇ. ಹೋದ ವರ್ಷ ಕೊಂಡ ಶ್ರುತಿಯಂತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಅದರ ಹಸಿರು ದೀಪ ಹೊತ್ತುವವರೆಗೆ ಒಂದೊಂದೇ ತಂತಿಯನ್ನು ಬಿಗಿದೆ. ಯಂತ್ರದ ಪ್ರಕಾರ ಒಂದು ಸ್ವರವೂ ತಪ್ಪಿರಲಿಲ್ಲ. ನನ್ನ ಕಿವಿಗೆ ಮಾತ್ರ ಮೇಲಿನ ಸ್ವರಗಳು ಕುಗ್ಗಿದಂತೆ ಕೇಳಿಸಿದವು. ಇಂಥ ಪಿಯಾನೊದಲ್ಲಿ ಮೇಲಕ್ಕೆ ಹೋದಂತೆಲ್ಲ ಕೂದಲೆಳೆಯಷ್ಟು ಹೆಚ್ಚು ಬಿಗಿಯಬೇಕು, ಆಗಲೇ ಅವು ಕೆಳಗಿನ ಸ್ವರಗಳೊಡನೆ ಹೊಂದುತ್ತವೆ ಎಂದು ನೀವು ಕಲಿಸಿದ್ದು ನೆನಪಿತ್ತು. ಆದರೂ ದೀಪ ಹಸಿರಾಗಿದೆಯಲ್ಲ ಎಂದುಕೊಂಡು ಮುಚ್ಚಳ ಹಾಕಿ ಬಂದೆ.

ನಿನ್ನೆ ಟೀಚರಮ್ಮ ಅಂಗಡಿಗೆ ಬಂದರು. ಕೋಪವೇನಿಲ್ಲ, ಕೂತು ನೀರು ಕುಡಿದು, “ಎಲ್ಲಾ ಸರಿಯಾಗೇ ಇದೆ ಕಣಮ್ಮಾ, ಆದ್ರೆ ಮಕ್ಕಳು ಅದರ ಜೊತೆ ಹಾಡೋಕೆ ಹೋದ್ರೆ ದನಿ ಜಾರುತ್ತೆ. ನಿಮ್ಮಪ್ಪ ಮಾಡ್ತಿದ್ದಾಗ ಹೀಗಿರ್ಲಿಲ್ಲ” ಎಂದರು. ಶನಿವಾರ ಮಕ್ಕಳ ಕಾರ್ಯಕ್ರಮ. ಅಷ್ಟರಲ್ಲಿ ಸರಿಹೋಗದಿದ್ದರೆ ಮುಂದೆ ಬೇರೆ ಊರಿನವರನ್ನು ಕರೆಸುತ್ತಾರಂತೆ. ಆ ಶಾಲೆ ಕೈತಪ್ಪಿದರೆ ನಮ್ಮ ಅಂಗಡಿಗೆ ಉಳಿಯುವುದು ಗಿಟಾರಿನ ತಂತಿ ಮಾರುವ ಕೆಲಸವಷ್ಟೇ.

ಚಿಕ್ಕವಳಿದ್ದಾಗ ನಾನು ಬಾಗಿಲಾಚೆಯಿಂದಲೇ ಯಾವ ತಂತಿ ಸಡಿಲವೆಂದು ಕೂಗಿದರೆ ನೀವು ಕೆಲಸ ನಿಲ್ಲಿಸಿ, “ಇದು ನಾನು ಕಲಿಸಿದ್ದಲ್ಲ ಪುಟ್ಟಿ, ಕೊಟ್ಟೋನು ದೇವರು. ಬಳಸದೆ ಸುಮ್ನೆ ಇಟ್ಕೊಂಡ್ರೆ ಅವನಿಗೆ ಏನಂತ ಹೇಳ್ತೀಯ?” ಎನ್ನುತ್ತಿದ್ದಿರಿ. ಆಗ ನಗು ಬರುತ್ತಿತ್ತು.

ಮಾತ್ರೆ ತಪ್ಪಿಸಬೇಡಿ. ಅಕ್ಕ, ಭಾವ ಇಬ್ಬರಿಗೂ ನನ್ನ ನೆನಪು ತಿಳಿಸಿ. ಮಗುವಿಗೊಂದು ಮುತ್ತು.

ನಿಮ್ಮ
ಪುಟ್ಟಿ

ತಾ.ಕ.: ಅಂಚೆ ಹೋಗುವ ಹೊತ್ತಾಯಿತು, ಹೇಳಿಯೇಬಿಡುತ್ತೇನೆ. ಕಿವಿ ಮಂದವಾಗುತ್ತಿದೆಯೆಂದು ನಿಮಗೆ ಗೊತ್ತಾದದ್ದು ಎಷ್ಟು ತಡವಾಗಿ! ಅಂದಿನಿಂದ ನನ್ನದೂ ನನಗೆ ತಿಳಿಯದಂತೆಯೇ ಹೋಗುತ್ತಿರಬಹುದೆಂಬ ಹೆದರಿಕೆ. ಯಂತ್ರ ಕೊಂಡದ್ದು ಅದಕ್ಕೇ. ಸಮಯ ಉಳಿಯುತ್ತದೆ ಎಂದು ನಿಮಗೆ ಹೇಳಿದ್ದು ನೆಪ. ಹೆದರಿಕೆ ಇನ್ನೂ ಹೋಗಿಲ್ಲ. ಆದರೆ ಇವತ್ತು ನನಗೆ ಚೆನ್ನಾಗಿ ಕೇಳಿಸುತ್ತಿದೆ, ಕೊಟ್ಟವನು ಇನ್ನೂ ವಾಪಸು ಕೇಳಿಲ್ಲ. ನಾಳೆ ಬೆಳಿಗ್ಗೆ ಯಂತ್ರವನ್ನು ಇಲ್ಲೇ ಬಿಟ್ಟು, ಬಿಗಿಯುವ ಕೀಲಿಯೊಂದನ್ನೇ ಹಿಡಿದು ಶಾಲೆಗೆ ಹೋಗಿ, ಮೊದಲ ತಂತಿಯಿಂದ ಎಲ್ಲವನ್ನೂ ಮತ್ತೆ ಶ್ರುತಿ ಮಾಡುವುದೆಂದು ನಿರ್ಧರಿಸಿದ್ದೇನೆ.